ಕೊರವಕ್ಕೆ, ಜಿಲೇಬಿಗೆ ಹೊಸ ಫ್ಲೈ ಲೈನ್: ಚಿತ್ರ ನೋಡಬೇಡಿ, ತೂಕ ನೋಡಿ

ಕೊರವ, ಜಿಲೇಬಿಯಂತಹ ಕೆರೆ ಮೀನುಗಳಿಗೆ ಹುಳುವಿನಂತೆಯೋ ಕಪ್ಪೆಯಂತೆಯೋ ಕಟ್ಟಿದ ಹಗುರ ನಕಲಿ ಎರೆಯೇ ಫ್ಲೈ, ಅದನ್ನು ಎಸೆಯುವ ಹೊದಿಕೆಯ ದಪ್ಪ ದಾರವೇ ಫ್ಲೈ ಲೈನ್. ಅದು ಹಳತಾಗಿದೆ ಎನ್ನುವುದು ಮೊದಲು ಗೊತ್ತಾಗುವುದು ಬೆರಳಿಗೆ. ಬೀಸಿದಾಗ ಕೋಲಿನ ಉಂಗುರಗಳಲ್ಲಿ ಗರಗರ ಎನ್ನುತ್ತದೆ, ದೂರ ಹೋಗುವುದಿಲ್ಲ, ತೇಲಬೇಕಾದ ತುದಿ ಮುಳುಗುತ್ತದೆ. ಹಾಗೆಂದು ತಕ್ಷಣ ಹೊಸದನ್ನು ತರಿಸಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ, ಅದರಲ್ಲಿ ಲೈನನ್ನು ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಿನ ಬಟ್ಟೆಯ ನಡುವೆ ಹಿಡಿದು ಎಳೆಯಿರಿ. ಶಿರಸಿ ಸೀಮೆಯ ಕೆರೆ ಏರಿಗಳಲ್ಲಿ ಚಿರೆಕಲ್ಲಿನ ಕೆಂಪು ಹುಡಿಗೆ ಬರವಿಲ್ಲ. ಬಟ್ಟೆಯ ಬಣ್ಣ ನೋಡಿದರೆ ಲೈನ್ ಏಕೆ ಮುಳುಗುತ್ತಿತ್ತು ಎಂದು ನಿಮಗೇ ತಿಳಿಯುತ್ತದೆ.

ತೊಳೆದ ಮೇಲೆ ಅದನ್ನು ಎರಡು ಬೆರಳುಗಳ ನಡುವೆ ಬಗ್ಗಿಸುತ್ತ ಉದ್ದಕ್ಕೂ ಪರೀಕ್ಷಿಸಿ. ಬಿರುಕು ತುದಿಯ ಒಂದೆರಡು ಅಡಿಗಳಲ್ಲಿ ಮಾತ್ರ ಇದ್ದರೆ ಅಷ್ಟನ್ನು ಕತ್ತರಿಸಿ, ಲೀಡರನ್ನು, ಅಂದರೆ ಲೈನಿನ ತುದಿಗೂ ಫ್ಲೈಗೂ ನಡುವಿನ ತಂಗೂಸನ್ನು, ಮತ್ತೆ ಕಟ್ಟಿದರೆ ಸಾಕು. ಹಿಂದಿನ ದಪ್ಪ ಭಾಗದಲ್ಲೇ ಹೊದಿಕೆ ಬಿರಿದು ಒಳಗಿನ ಎಳೆ ಕಾಣುತ್ತಿದ್ದರೆ ಅದರ ಆಯುಷ್ಯ ಮುಗಿಯಿತು. ಎಳೆ ನೀರು ಕುಡಿಯುತ್ತದೆ, ಯಾವ ಎಣ್ಣೆ ಸವರಿದರೂ ತೇಲುವುದಿಲ್ಲ.

ಈಗ ಆಯ್ಕೆ. ನಾನು ಅಡಿಕೆ ಬೆಳೆಯುವವನು. ನಮ್ಮ ಮನೆಯ ಹೊಸ್ತಿಲಿನೊಳಗೆ ಮೀನಿಗೆ ಪ್ರವೇಶವಿಲ್ಲ, ಆದ್ದರಿಂದ ಹಿಡಿದದ್ದನ್ನೆಲ್ಲ ನೀರಿಗೇ ಬಿಡುತ್ತೇನೆ. ಇದೆಂತಹ ಹುಚ್ಚು ಎಂದು ಅಮ್ಮ ಕೇಳುವುದನ್ನು ನಿಲ್ಲಿಸಿಲ್ಲ. ಈ ಹುಚ್ಚಿಗೆ ಬೇಕಾದ ಲೈನ್‌ಗಳು ಬರುವುದು ಹೊರದೇಶದಿಂದ. ಪೆಟ್ಟಿಗೆಯ ಮೇಲೆ ಒಂದೋ ತಣ್ಣೀರಿನ ಮೀನಾದ ಟ್ರೌಟ್ ಚಿತ್ರ, ಇಲ್ಲವೇ ಬಾಸ್ ಚಿತ್ರ. ಅಮೆರಿಕದವರು ಬೆಚ್ಚಗಿನ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯುತ್ತಾರೆ, ಜೊತೆಗೆ ಬ್ಲೂಗಿಲ್‌ನಂತಹ ಅಂಗೈಯಗಲದ ಸಣ್ಣ ಬಾಯಿಯ ಮೀನುಗಳನ್ನೂ ಹಿಡಿಯುತ್ತಾರೆ. ಎರಡನೆಯ ಗುಂಪಿಗೆ ಅವರು ಪ್ಯಾನ್‌ಫಿಶ್ ಎನ್ನುತ್ತಾರೆ. ನಮ್ಮ ಕೊರವಕ್ಕೂ ಬಾಸ್‌ಗೂ ಕುಲಗೋತ್ರದ ಸಂಬಂಧವಿಲ್ಲ, ಸ್ವಭಾವ ಮಾತ್ರ ಒಂದೇ: ಜೊಂಡಿನ ನೆರಳಲ್ಲಿ ಅಲುಗಾಡದೆ ಕಾದು, ಮೇಲೆ ಕಪ್ಪೆ ಹಾದರೆ ಒಮ್ಮೆಲೇ ಎಗರುವುದು. ಬ್ಲೂಗಿಲ್ ಜಾಗದಲ್ಲಿ ನಮಗೆ ಜಿಲೇಬಿ, ಅಂದರೆ 1952ರಲ್ಲಿ ಭಾರತಕ್ಕೆ ತಂದು ಬಿಟ್ಟ ಆಫ್ರಿಕಾದ ತಿಲಾಪಿಯ. ಬಾಸ್ ಲೈನ್ ಕೊರವಕ್ಕೆ ಹೊಂದುತ್ತದೆ ಎನ್ನುವುದು ನಿಜ. ಆದರೆ ಯಾವ ಬಾಸ್ ಲೈನ್ ಎನ್ನುವುದನ್ನು ಪೆಟ್ಟಿಗೆಯ ಚಿತ್ರ ಹೇಳುವುದಿಲ್ಲ.

ಅದನ್ನು ಹೇಳುವುದು ತೂಕ. ಸಾಮಾನ್ಯ ಗಾಳದಲ್ಲಿ ಕಟ್ಟಿದ ಸೀಸದ ಭಾರ ತಂಗೂಸನ್ನು ಎಳೆದುಕೊಂಡು ಹಾರುತ್ತದೆ. ಫ್ಲೈಗೆ ಸ್ವಂತ ಭಾರವೇ ಇಲ್ಲ, ಲೈನಿನ ಭಾರವೇ ಅದನ್ನು ಹೊತ್ತೊಯ್ಯಬೇಕು. ಆದ್ದರಿಂದ ಪ್ರತಿ ನಂಬರಿನ ಲೈನಿನ ಮುಂದಿನ 30 ಅಡಿ, ಅಂದರೆ ಸುಮಾರು 9.1 ಮೀಟರ್ ಭಾಗ ಎಷ್ಟು ತೂಗಬೇಕು ಎಂದು ಅಮೆರಿಕದ ತಯಾರಕರ ಸಂಘ ಗ್ರೇನ್ ಲೆಕ್ಕದಲ್ಲಿ ನಿಗದಿ ಮಾಡಿತು. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದಂತೆ ಅವರಿಗೆ ಗ್ರೇನ್. 5ನೇ ನಂಬರಿಗೆ 140 ಗ್ರೇನ್, 6ಕ್ಕೆ 160, 7ಕ್ಕೆ 185, 8ಕ್ಕೆ 210. ಗ್ರಾಮಿನಲ್ಲಿ ಹೇಳುವುದಾದರೆ ಕ್ರಮವಾಗಿ 9.1, 10.4, 12 ಮತ್ತು 13.6. ಕೋಲಿನ ಹಿಡಿಕೆಯ ಮೇಲೆ ಬರೆದಿರುವುದೂ ಇದೇ ನಂಬರ್.

ತೊಡಕಿರುವುದು ಇಲ್ಲಿಯೇ. ಬಾಸ್ ಹೆಸರಿನ ಎಷ್ಟೋ ಲೈನ್‌ಗಳು ಪೆಟ್ಟಿಗೆಯ ಮೇಲಿನ ನಂಬರಿಗಿಂತ ಅರ್ಧ ಅಥವಾ ಪೂರ್ತಿ ಒಂದು ನಂಬರ್ ಭಾರವಾಗಿರುತ್ತವೆ. ಈಗಿನ ಬಿರುಸು ಕೋಲುಗಳು ಸ್ವಲ್ಪದೂರದ ಎಸೆತಕ್ಕೂ ಬಾಗಲಿ ಎಂದು ಬೇಕೆಂದೇ ಹಾಗೆ ಮಾಡುತ್ತಾರೆ. ನಿಮ್ಮದು ಅಂತಹ ಬಿರುಸು ಕೋಲಾದರೆ ಲಾಭವೇ. ಹಳೆಯ ಫೈಬರ್‌ಗ್ಲಾಸ್ ಕೋಲಾದರೆ 7 ಎಂದು ತಂದ ಲೈನ್ 8ರಂತೆ ತೂಗಿ, ಕೋಲು ಬಳುಕಿ ಕೈಸೋಲುತ್ತದೆ. ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಗ್ರೇನ್ ಲೆಕ್ಕ ಕೊಟ್ಟಿದ್ದರೆ ಅದನ್ನು ಓದಿ; 0.065ರಿಂದ ಗುಣಿಸಿದರೆ ಗ್ರಾಮ್ ಸಿಗುತ್ತದೆ. ಆ ಲೆಕ್ಕ 30 ಅಡಿಯದೋ ಇಡೀ ಹೆಡ್‌ನದೋ, ಅಂದರೆ ಮುಂದಿನ ದಪ್ಪ ಭಾಗದ್ದೋ, ಎಂಬುದನ್ನೂ ನೋಡಿಕೊಳ್ಳಿ. ಲೆಕ್ಕವನ್ನೇ ಕೊಡದಿದ್ದರೆ ಅಂತಹ ಲೈನನ್ನು ನಾನು ಕೊಳ್ಳುವುದಿಲ್ಲ.

ಇಷ್ಟು ದಿನ ನಿಮ್ಮ ಕೈಗೆ ಹಿತವಾಗಿದ್ದ ಹಳೆಯ ಲೈನನ್ನೇ ತೂಗಿಸಿ ನೋಡುವುದು ಇನ್ನೂ ಒಳ್ಳೆಯದು. ಅದರ 30 ಅಡಿ ಅಳೆದು ಗುರುತು ಮಾಡಿ, ಸುರುಳಿ ಸುತ್ತಿ, ಪೇಟೆಯ ಬಂಗಾರದಂಗಡಿಯ ತಕ್ಕಡಿಯ ಮೇಲಿಡಿಸಿ. ಉಳಿದ ಭಾಗ ಜೋತುಬಿದ್ದು ತಕ್ಕಡಿಯನ್ನು ಎಳೆಯದಂತೆ ಪಕ್ಕದ ಗಾಜಿನ ಮೇಲಿರಲಿ. ಅಂಗಡಿಯವರು ಮೊದಲು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅವರಿಗೇ ಕುತೂಹಲ ಹುಟ್ಟುತ್ತದೆ. ಬಂದ ತೂಕವನ್ನು ಬರೆದಿಟ್ಟುಕೊಂಡು ಅದಕ್ಕೆ ಸರಿಹೊಂದುವುದನ್ನು ತರಿಸಿ.

ಮೊದಲ ಬಾರಿಗೆ ಕೋಲು, ಲೈನ್ ಎರಡನ್ನೂ ಕೊಳ್ಳುವವರು ಮೀನಿನ ಗಾತ್ರ ನೋಡದೆ ಫ್ಲೈಯ ಗಾತ್ರ ನೋಡಬೇಕು. ಕೊರವಕ್ಕೆ ಎಸೆಯುವ ಕಪ್ಪೆ, ಅಂದರೆ ಕಪ್ಪೆಯಂತಹ ಫ್ಲೈ, ದೊಡ್ಡದು, ಗಾಳಿಯನ್ನು ತಡೆಯುತ್ತದೆ. ಅದಕ್ಕೆ 8 ಬೇಕು, 7ಕ್ಕಿಂತ ಕೆಳಗಿಳಿದರೆ ಕಪ್ಪೆ ನಿಮ್ಮ ಕಿವಿಗೇ ಬರುತ್ತದೆ. ಜಿಲೇಬಿಗೆ ಹಾಕುವುದು ಅಕ್ಕಿಕಾಳಿನಷ್ಟು ಫ್ಲೈ, 4 ಅಥವಾ 5 ಧಾರಾಳ. ಇರುವುದು ಒಂದೇ ಕೋಲು ಎಂದಾದರೆ 6 ಇಟ್ಟುಕೊಂಡು ಕಪ್ಪೆಯನ್ನು ಸಣ್ಣದು ಮಾಡಿಕೊಳ್ಳಿ.

ಇನ್ನು ಆಕಾರ. ಡಬ್ಲ್ಯೂ ಎಫ್ ಎಂದು ಬರೆದದ್ದರಲ್ಲಿ ಭಾರವೆಲ್ಲ ಮುಂಭಾಗದಲ್ಲಿ, ಹಿಂದೆ ತೆಳ್ಳಗಿನ ಓಟದ ಲೈನ್. ಅದರಲ್ಲೂ ಹೆಡ್ ಗಿಡ್ಡವಾಗಿ, ತುದಿಯ ಹತ್ತಿರವೇ ದಪ್ಪವಾಗಿರುವುದನ್ನು ಆರಿಸಿ. ಬನವಾಸಿಯ ಕಡೆ ವರದಾ ದಂಡೆಯಲ್ಲಿ ನಿಂತರೂ, ನಮ್ಮೂರಿನ ಕೆರೆ ಏರಿಯಲ್ಲಿ ನಿಂತರೂ ಬೆನ್ನ ಹಿಂದೆ ಬಿದಿರೋ ಮಟ್ಟಿಯೋ ಇದ್ದೇ ಇರುತ್ತದೆ. ಹಿಂದಕ್ಕೆ ಉದ್ದ ಬೀಸಲು ಜಾಗವಿಲ್ಲದಲ್ಲಿ ಟ್ರೌಟ್‌ನವರ ಉದ್ದ ಹೆಡ್ ತಂದರೆ ದುಡ್ಡು ದಂಡ. ಡಿ ಟಿ ಎಂದಿರುವುದು ಎರಡೂ ತುದಿಗಳಲ್ಲಿ ಒಂದೇ ಬಗೆ. ಒಂದು ತುದಿ ಸವೆದರೆ ತಿರುಗಿಸಿ ಸುತ್ತಬಹುದು, ಒಂದು ಬೆಲೆಗೆ ಎರಡು ಬಾಳಿಕೆ. ಜಿಲೇಬಿಗೆ ನಾನು ಬಳಸುವುದು ಅದನ್ನೇ. ದೊಡ್ಡ ಕಪ್ಪೆಯನ್ನು ಮಾತ್ರ ಅದು ಸರಿಯಾಗಿ ಬಿಚ್ಚಿ ಇಡುವುದಿಲ್ಲ. ನಂಬರಿನ ನಂತರ ಕೊನೆಯಲ್ಲಿ ಬರುವ ಎಫ್ ಅಕ್ಷರಕ್ಕೆ ತೇಲುವುದು ಎಂದರ್ಥ, ಕೆರೆಗೆ ಬೇರೆ ಬಗೆ ಬೇಡ. ಬಣ್ಣ ನಿಮಗೆ ಕಾಣುವಂತಹದ್ದು ಯಾವುದಾದರೂ ಆದೀತು.

ತೂಕದಷ್ಟೇ ಮುಖ್ಯವಾದದ್ದು ಸೆಕೆ. ತಣ್ಣೀರಿಗೆಂದು ಮಾಡಿದ ಲೈನಿನ ಒಳಗೆ ಹೆಣೆದ ಮೆತ್ತನೆಯ ನೈಲಾನ್, ಮೇಲೆ ಮೆದು ಹೊದಿಕೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಜೋಲಾಗಿ, ಅಂಟಂಟಾಗಿ ಉಂಗುರಗಳಿಗೆ ಹಿಡಿದುಕೊಳ್ಳುತ್ತದೆ. ಉಷ್ಣವಲಯದ ಲೈನಿನಲ್ಲಿ ಒಳಎಳೆ ಬಿರುಸು, ಹೊದಿಕೆ ಗಟ್ಟಿ. ಕಾಳಿ ನದಿ ಸಮುದ್ರ ಸೇರುವ ಕಡೆ ಗಾಳ ಹಾಕುವ ನನ್ನ ಕಾರವಾರದ ಗೆಳೆಯನಿಗೆ ವರ್ಷವಿಡೀ ಅದೇ ಸರಿ. ಭರತ ಇಳಿತದ ಸೆಳೆತವಿರುವುದರಿಂದ ಅವನು ನಿಧಾನವಾಗಿ ಮುಳುಗುವುದನ್ನು ಹಾಕುತ್ತಾನೆ. ಅವನು ಹೊಗಳಿದ್ದನ್ನೇ ಘಟ್ಟದ ಮೇಲೆ ತಂದರೆ ಮಾತ್ರ ಡಿಸೆಂಬರ್ ಬೆಳಗಿನ ಇಬ್ಬನಿಯಲ್ಲಿ ರೀಲಿನಿಂದ ಸುರುಳಿ ಸುರುಳಿಯಾಗಿಯೇ ಇಳಿದು ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಬಾಸ್‌ಗೆಂದೇ ಮಾಡಿದ ನಡುಬಗೆಯ ಲೈನ್ ಹೆಚ್ಚು ಹಿತ. ಚಳಿಯ ದಿನ ಎಸೆಯುವ ಮುನ್ನ ಎರಡೂ ಕೈಗಳಿಂದ ತುಂಡು ತುಂಡಾಗಿ ಜಗ್ಗಿಕೊಂಡರೆ ಸುರುಳಿ ಬಿಡುತ್ತದೆ.

ಹೊಸ ಲೈನಿನ ದೊಡ್ಡ ಶತ್ರು ನಮ್ಮ ಕೈಯಲ್ಲೇ ಇದೆ. ಸೊಳ್ಳೆಗೆ, ಉಂಬಳಕ್ಕೆ ಎಂದು ಹಚ್ಚಿಕೊಳ್ಳುವ, ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕಾಲಿಗೆ ಹಚ್ಚಿದ ಮೇಲೆ ಅಂಗೈಯನ್ನು ಸೋಪಿನಲ್ಲಿ ತೊಳೆಯಿರಿ. ಉಂಬಳಕ್ಕೆ ನಾನಂತೂ ಸುಣ್ಣ ಹೊಗೆಸೊಪ್ಪನ್ನೇ ನಂಬಿದ್ದೇನೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಡುವುದೂ ಅಷ್ಟೇ ಕೆಟ್ಟದ್ದು.

ಎಲ್ಲಿ ಎಸೆಯಬೇಕು ಎನ್ನುವುದರ ಬಗ್ಗೆಯೂ ಎರಡು ಮಾತು. ಎಷ್ಟೋ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಕೇಳಿಯೇ ಇಳಿಯಿರಿ. ಸೋಂದಾದ ಮುಂಡಿಗೆಕೆರೆ ಹಕ್ಕಿಗಳದ್ದು, ಅಲ್ಲಿ ಗಾಳದ ಮಾತೇ ಬೇಡ. ಮಳೆಗಾಲದಲ್ಲಿ ಕೊರವದ ಮರಿಗಳು ಗುಂಪಾಗಿ ನೀರಿನ ಮೇಲೆ ಕುದಿಯುವಂತೆ ಕಾಣುತ್ತವೆ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅವು ಸಿಟ್ಟಿನಿಂದ ಏನನ್ನಾದರೂ ಕಚ್ಚುತ್ತವೆ ಎಂದು ಅಲ್ಲಿ ಎಸೆಯುವವರನ್ನು ಕಂಡರೆ ನನಗಾಗದು.

ಸುತ್ತುವಾಗ ಪೆಟ್ಟಿಗೆಯ ಸುರುಳಿಯನ್ನು ನೆಲದ ಮೇಲಿಟ್ಟು ಎಳೆಯಬೇಡಿ, ಲೈನ್ ತಿರುಚಿಕೊಳ್ಳುತ್ತದೆ. ಸುರುಳಿಯೊಳಗೆ ಪೆನ್ಸಿಲ್ ತೂರಿಸಿ ಇನ್ನೊಬ್ಬರ ಕೈಗೆ ಕೊಡಿ, ಅದು ತಿರುಗುತ್ತ ಬಿಚ್ಚಿಕೊಳ್ಳಲಿ. ಬಾಸ್ ಲೈನ್ ದಪ್ಪವಾದ್ದರಿಂದ ಹಳೆಯ ರೀಲಿನಲ್ಲಿ ಹಿಡಿಸದಿದ್ದರೆ ಅಡಿಯ ಬ್ಯಾಕಿಂಗ್ ದಾರವನ್ನು ಕಡಿಮೆ ಮಾಡಿ; ಕೊರವ ಅಷ್ಟು ದೂರ ಓಡುವ ಮೀನಲ್ಲ. ತುದಿಗೆ ಏಳು ಅಡಿಯ ಗಟ್ಟಿ ತಂಗೂಸು ಸಾಕು. ಬಿಚ್ಚಿದ ಹಳೆಯ ಲೈನನ್ನು ಕೆರೆ ದಂಡೆಯಲ್ಲಿ ಎಸೆದು ಬರಬೇಡಿ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಲೈನಿಗೆ ಲೀಡರ್ ಕಟ್ಟುವ ನೇಲ್ ಗಂಟು ಇನ್ನೂ ಕೈಗೆ ಹತ್ತದವರು ಆ ಹಳೆಯ ಲೈನಿನ ಮೇಲೆಯೇ ಅಭ್ಯಾಸ ಮಾಡಬಹುದು.