ಎರಡು ಊರಿನ ಕಚೇರಿಗೆ ಒಂದೇ ಇಂಟರ್‌ಕಾಂ

ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿಯಲ್ಲಿ ಶಾಖೆ. ಎರಡೂ ಕಡೆ ಫ್ರೀಪಿಬಿಎಕ್ಸ್ ಎಂಬ ತಂತ್ರಾಂಶದ ಫೋನ್ ಎಕ್ಸ್‌ಚೇಂಜ್ ಇದೆ. ಆದರೂ ಅಕೌಂಟ್ಸ್‌ನವರು ಹುಬ್ಬಳ್ಳಿ ಗೋದಾಮಿನವರ ಜೊತೆ ಮಾತಾಡಬೇಕೆಂದರೆ ಮೊಬೈಲನ್ನೇ ಹಿಡಿಯಬೇಕು. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಒಂದು ಟ್ರಂಕ್, ಅಂದರೆ ಕರೆ ಸಾಗಿಸುವ ಕೊಂಡಿ, ಕಟ್ಟಿದರೆ ನಾಲ್ಕು ಅಂಕಿ ಒತ್ತಿ ಮಾತಾಡಬಹುದು. ಎಕ್ಸ್‌ಟೆನ್ಷನ್ ಸಂಖ್ಯೆಗಳು ಸರಿಯಾಗಿದ್ದರೆ ಇದು ಅರ್ಧ ದಿನದ ಕೆಲಸ.

ಆದ್ದರಿಂದ ಮೊದಲು ಸಂಖ್ಯೆಗಳನ್ನೇ ನೋಡಿ. ಎರಡೂ ಕಡೆ 101ರಿಂದ 150ರವರೆಗೆ ಎಕ್ಸ್‌ಟೆನ್ಷನ್ ಇದ್ದರೆ, 101 ಎಂದರೆ ಯಾವ ಊರಿನದು? ಮುಂದೆ 8 ಸೇರಿಸಿ ಒತ್ತುವ ಉಪಾಯವನ್ನು ಹಲವರು ಹೇಳುತ್ತಾರೆ. ಕರೆಯೇನೋ ಹೋಗುತ್ತದೆ, ಆದರೆ ಆ ಕಡೆಯ ಫೋನಿನಲ್ಲಿ ಬರೀ 101 ಎಂದು ಕಾಣುತ್ತದೆ. ಮಿಸ್ಡ್ ಕಾಲ್ ನೋಡಿ ತಿರುಗಿ ಒತ್ತಿದವರಿಗೆ ಪಕ್ಕದ ಮೇಜಿನವರು ಸಿಗುತ್ತಾರೆ. ಬೆಂಗಳೂರಿಗೆ 2001ರಿಂದ, ಹುಬ್ಬಳ್ಳಿಗೆ 4001ರಿಂದ ಸಂಖ್ಯೆ ಕೊಟ್ಟು ಹೊಸದಾಗಿ ಜೋಡಿಸುವುದೇ ಸರಿ. ಒಂದು ವಾರ ಎಲ್ಲರೂ ಗೊಣಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ.

ಎರಡನೆಯದು ದಾರಿ. ಫೋನ್ ಪೋರ್ಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆಯಬೇಡಿ. ತೆರೆದ ಕೆಲವೇ ಗಂಟೆಗಳಲ್ಲಿ ಪಾಸ್‌ವರ್ಡ್ ಊಹಿಸುವ ದಾಳಿಗಳು ಶುರುವಾಗುತ್ತವೆ. ಎರಡೂ ರೂಟರ್‌ಗಳ ನಡುವೆ ವೈರ್‌ಗಾರ್ಡ್ ಸುರಂಗ (ಇಂಟರ್ನೆಟ್ ಮೇಲೆಯೇ ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಹಾಕಿ. ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಒಂದು ಕಡೆ ಇದ್ದರೆ ಸಾಕು. ಇನ್ನೊಂದು ಕಡೆಯ ಬ್ರಾಡ್‌ಬ್ಯಾಂಡ್ ಹಲವರಿಗೆ ಒಂದೇ ಐಪಿ ಹಂಚುವ ಬಗೆಯದಾಗಿದ್ದರೂ ಸುರಂಗವನ್ನು ಆ ಕಡೆಯಿಂದ ಶುರುಮಾಡಿಸಬಹುದು. ಅಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸುರಂಗ ಮುಚ್ಚದಂತೆ ಆಗಾಗ ಕಳಿಸುವ ಸಂದೇಶ) 25 ಸೆಕೆಂಡ್ ಇಡಿ. ಎರಡೂ ಕಚೇರಿಯ ಒಳಜಾಲ 192.168.1 ಸರಣಿಯಲ್ಲೇ ಇದ್ದರೆ ಸುರಂಗ ಇದ್ದೂ ಪ್ರಯೋಜನವಿಲ್ಲ. ಒಂದು ಕಡೆ ಸರಣಿ ಬದಲಿಸಲೇಬೇಕು.

ಜಿ.711 ಎ-ಲಾ ಎಂಬ ಕೋಡೆಕ್‌ನಲ್ಲಿ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಬೇಕು, ಸುರಂಗದ ಹೊದಿಕೆ ಸೇರಿದರೆ ಸುಮಾರು 110. ಒಟ್ಟಿಗೆ ಐದು ಕರೆ ಬಂದರೂ ಅರ್ಧ ಮೆಗಾಬಿಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಈಗ ಟ್ರಂಕ್. ಬೆಂಗಳೂರಿನ ಯಂತ್ರದಲ್ಲಿ ಕನೆಕ್ಟಿವಿಟಿ ಮೆನುವಿನಿಂದ ಟ್ರಂಕ್ಸ್‌ಗೆ ಹೋಗಿ ಹೊಸ ಪಿಜೆಸಿಪ್ ಟ್ರಂಕ್ (ಇಂಟರ್ನೆಟ್ ಕರೆ ಜೋಡಿಸುವ ಸಿಪ್ ಪದ್ಧತಿಯದು) ಸೇರಿಸಿ. ಹೆಸರಿನಲ್ಲಿ ಖಾಲಿ ಜಾಗ ಬೇಡ. ಅಥೆಂಟಿಕೇಶನ್ ‘ನನ್’ (None), ರಿಜಿಸ್ಟ್ರೇಶನ್ ‘ನನ್’. ಸಿಪ್ ಸರ್ವರ್ ಜಾಗದಲ್ಲಿ ಹುಬ್ಬಳ್ಳಿ ಯಂತ್ರದ ಒಳಜಾಲದ ಐಪಿ, ಪೋರ್ಟ್ ಸಾಮಾನ್ಯವಾಗಿ 5060. ಕೋಡೆಕ್‌ನಲ್ಲಿ ಎ-ಲಾ ಒಂದನ್ನೇ ಟಿಕ್ ಮಾಡಿ. ಫೈರ್‌ವಾಲ್‌ನಲ್ಲಿ ಆ ಕಡೆಯ ಜಾಲವನ್ನು ‘ಟ್ರಸ್ಟೆಡ್’ ಪಟ್ಟಿಗೆ ಸೇರಿಸಿ. ಇಷ್ಟನ್ನೂ ಹುಬ್ಬಳ್ಳಿಯಲ್ಲಿ ತಿರುಗುಮುರುಗಾಗಿ ಮಾಡಿ.

ಟ್ರಂಕಿನ ಕಾಂಟೆಕ್ಸ್ಟ್ (ಬಂದ ಕರೆ ಎಲ್ಲೆಲ್ಲಿಗೆ ಹೋಗಬಹುದೆಂಬ ನಿಯಮ) ಎಂಬ ಒಂದು ಸಾಲಿಗೆ ಮಾತ್ರ ನಿಧಾನವಾಗಿ ಯೋಚಿಸಬೇಕು. ತಾನಾಗಿ ಬರುವುದು ‘ಫ್ರಮ್-ಪಿಎಸ್‌ಟಿಎನ್’. ಅದನ್ನು ಹಾಗೇ ಬಿಟ್ಟರೆ ಶಾಖೆಯ ಕರೆಯನ್ನೂ ಯಂತ್ರ ಹೊರಗಿನವರ ಕರೆಯೆಂದೇ ತಿಳಿದು ಇನ್‌ಬೌಂಡ್ ರೂಟ್ (ಹೊರಗಿನ ಕರೆಯನ್ನು ಯಾರಿಗೆ ಕೊಡಬೇಕೆಂಬ ನಿಯಮ) ಹುಡುಕುತ್ತದೆ. 4012 ಒತ್ತಿದವರಿಗೆ ರಿಸೆಪ್ಷನ್ ಸಿಗಬಹುದು, ಇಲ್ಲವೇ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂಬ ಧ್ವನಿ ಕೇಳಬಹುದು. ಇದಕ್ಕೆ ಬೇಸತ್ತು ‘ಫ್ರಮ್-ಇಂಟರ್ನಲ್’ ಎಂದು ಬರೆದುಬಿಡುವವರೇ ಹೆಚ್ಚು. ಎಲ್ಲ ಸರಿಹೋಯಿತು ಎನಿಸುತ್ತದೆ. ಆದರೆ ಹಾಗೆ ಬರೆದರೆ ಬೆಂಗಳೂರಿನ ಯಂತ್ರದಿಂದ ಬಂದ ಯಾವ ಕರೆಗೂ ಹುಬ್ಬಳ್ಳಿಯ ಹೊರಲೈನ್ ಸಿಗುತ್ತದೆ. ಬೆಂಗಳೂರಿನಿಂದ ಇಂಟರ್ನೆಟ್ ಮೇಲೆ ಬಂದ ಕರೆ ಹುಬ್ಬಳ್ಳಿಯ ಸಾರ್ವಜನಿಕ ಲೈನಿಗೆ ಹಾರುವುದು ಟೋಲ್ ಬೈಪಾಸ್, ನಮ್ಮ ದೂರಸಂಪರ್ಕ ನಿಯಮಗಳು ಇದನ್ನು ಒಪ್ಪುವುದಿಲ್ಲ. ಒಂದು ಯಂತ್ರಕ್ಕೆ ಕಳ್ಳರು ನುಗ್ಗಿದರೆ ಎರಡೂ ಕಡೆಯ ಬಿಲ್ ಏರುತ್ತದೆ, ಅದು ಬೇರೆ.

‘ಫ್ರಮ್-ಡಿಡ್-ಡೈರೆಕ್ಟ್’ ಎಂದು ಬರೆಯಿರಿ. ಅದರಲ್ಲಿ ಒಳಗಿನ ಎಕ್ಸ್‌ಟೆನ್ಷನ್‌ಗಳಷ್ಟೇ ಸಿಗುತ್ತವೆ. ಆದರೂ ಒಂದು ಕಿಂಡಿ ಉಳಿಯುತ್ತದೆ: ಫಾಲೋ ಮೀ, ಅಂದರೆ ಎಕ್ಸ್‌ಟೆನ್ಷನ್‌ಗೆ ಬಂದ ಕರೆಯನ್ನು ಬೇರೆ ಸಂಖ್ಯೆಗಳಿಗೂ ಕಳಿಸುವ ಸೌಲಭ್ಯ. ಯಾರದಾದರೂ ಫಾಲೋ ಮೀ ಪಟ್ಟಿಯಲ್ಲಿ ಮೊಬೈಲ್ ಸಂಖ್ಯೆ ಇದ್ದರೆ ಸುರಂಗದಲ್ಲಿ ಬಂದ ಕರೆ ಅಲ್ಲಿಂದ ಹೊರಗೆ ಹೋಗುತ್ತದೆ. ಅಂಥ ಸಂಖ್ಯೆಗಳನ್ನು ಹುಡುಕಿ ತೆಗೆಯಿರಿ.

ಇನ್ನು ಔಟ್‌ಬೌಂಡ್ ರೂಟ್, ಅಂದರೆ ಒತ್ತಿದ ಸಂಖ್ಯೆ ಯಾವ ಟ್ರಂಕಿನಿಂದ ಹೋಗಬೇಕೆಂಬ ನಿಯಮ. ಬೆಂಗಳೂರಿನಲ್ಲಿ ಮ್ಯಾಚ್ ಪ್ಯಾಟರ್ನ್ 4ಎಕ್ಸ್‌ಎಕ್ಸ್‌ಎಕ್ಸ್, ಹುಬ್ಬಳ್ಳಿಯಲ್ಲಿ 2ಎಕ್ಸ್‌ಎಕ್ಸ್‌ಎಕ್ಸ್ (ಎಕ್ಸ್ ಎಂದರೆ ಯಾವುದೇ ಒಂದು ಅಂಕಿ). ರೂಟ್ ಟೈಪ್ ‘ಇಂಟ್ರಾ-ಕಂಪನಿ’ ಆಯ್ದರೆ ಮಾತ್ರ ಕರೆದವರ ನಾಲ್ಕಂಕಿ ಸಂಖ್ಯೆ ಆ ಕಡೆ ಕಾಣುತ್ತದೆ, ಇಲ್ಲದಿದ್ದರೆ ಕಂಪನಿಯ ಹೊರಸಂಖ್ಯೆ ಕಾಣಬಹುದು. ಈ ರೂಟನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಡಿ. 112 ಮಾತ್ರ ಯಾವತ್ತೂ ಆಯಾ ಊರಿನ ಲೈನಿನಿಂದಲೇ ಹೋಗಬೇಕು. ಹುಬ್ಬಳ್ಳಿಯಲ್ಲಿ ಬೆಂಕಿ ಬಿದ್ದಾಗ ಕರೆ ಬೆಂಗಳೂರಿನ ಲೈನ್ ಹಿಡಿದರೆ ವಿಳಾಸ ತಿಳಿಯುವುದರಲ್ಲೇ ಹೊತ್ತು ಹೋಗುತ್ತದೆ. ಕೊನೆಗೆ ಕೆಂಪು ‘ಅಪ್ಲೈ ಕಾನ್ಫಿಗ್’ ಒತ್ತಿ.

ಪರೀಕ್ಷೆಗೆ ಆಸ್ಟೆರಿಸ್ಕ್ (ಫ್ರೀಪಿಬಿಎಕ್ಸ್ ಒಳಗೆ ಕರೆಗಳನ್ನು ನಡೆಸುವ ತಂತ್ರಾಂಶ) ಕನ್ಸೋಲ್‌ನಲ್ಲಿ ‘ಪಿಜೆಸಿಪ್ ಷೋ ಕಾಂಟ್ಯಾಕ್ಟ್ಸ್’ ಕೊಡಿ. ಟ್ರಂಕಿನ ಮುಂದೆ ‘ಅವೇಲ್’ ಎಂದಿದ್ದರೆ ಆ ಕಡೆಯ ಯಂತ್ರ ಉತ್ತರಿಸುತ್ತಿದೆ ಎಂದರ್ಥ. ಕರೆ ಹೋಗದಿದ್ದರೆ ‘ಪಿಜೆಸಿಪ್ ಸೆಟ್ ಲಾಗರ್ ಆನ್’ ಕೊಟ್ಟು ಉತ್ತರದ ಸಂಖ್ಯೆ ನೋಡಿ. 401 ಬಂದರೆ ಆ ಕಡೆಯ ಯಂತ್ರ ನಿಮ್ಮ ಐಪಿಯನ್ನು ಗುರುತಿಸಿಲ್ಲ. ರೂಟರ್ ಸುರಂಗದೊಳಗೂ ವಿಳಾಸ ಬದಲಿಸುತ್ತಿದೆಯೇ ನೋಡಿ. 404 ಎಂದರೆ ಆ ಕಾಂಟೆಕ್ಸ್ಟ್‌ನಲ್ಲಿ ಆ ಎಕ್ಸ್‌ಟೆನ್ಷನ್ ಇಲ್ಲ, 488 ಎಂದರೆ ಕೋಡೆಕ್ ಹೊಂದಿಲ್ಲ.

ಹೆಚ್ಚು ಕಾಡುವುದು ಬೇರೆಯೇ. ಫೋನ್ ರಿಂಗಾಗುತ್ತದೆ, ಎತ್ತುತ್ತಾರೆ, ಒಬ್ಬರ ಮಾತಷ್ಟೇ ಕೇಳುತ್ತದೆ. ಅಥವಾ ಸರಿಯಾಗಿ 32 ಸೆಕೆಂಡಿಗೆ ಕರೆ ಕಡಿಯುತ್ತದೆ. ಎರಡಕ್ಕೂ ಸಾಮಾನ್ಯವಾಗಿ ಒಂದೇ ಕಾರಣ: ಆಸ್ಟೆರಿಸ್ಕ್ ಸಿಪ್ ಸೆಟ್ಟಿಂಗ್ಸ್‌ನ ‘ಲೋಕಲ್ ನೆಟ್‌ವರ್ಕ್ಸ್’ ಪಟ್ಟಿಗೆ ಆ ಕಡೆಯ ಜಾಲ ಸೇರಿರುವುದಿಲ್ಲ. ಹಾಗಾಗಿ ಯಂತ್ರವು ಸುರಂಗದ ಆಚೆಯವರಿಗೂ ತನ್ನ ಹೊರಗಿನ ಐಪಿಯನ್ನೇ ವಿಳಾಸವಾಗಿ ಹೇಳುತ್ತದೆ, ಧ್ವನಿಯೂ ಕರೆ ಎತ್ತಿದ್ದನ್ನು ಖಚಿತಪಡಿಸುವ ‘ಎಸಿಕೆ’ ಸಂದೇಶವೂ ಅಲ್ಲಿಗೆ ಹೋಗಿ ಕಳೆದುಹೋಗುತ್ತವೆ. ಎರಡೂ ಯಂತ್ರಗಳಲ್ಲಿ ಪಟ್ಟಿ ಸರಿಪಡಿಸಿ, ಆಸ್ಟೆರಿಸ್ಕ್ ರೀಸ್ಟಾರ್ಟ್ ಮಾಡಿ, ಎರಡೂ ದಿಕ್ಕಿನಿಂದ ಎರಡೆರಡು ನಿಮಿಷ ಮಾತಾಡಿ ನೋಡಿ. ಸುರಂಗದಲ್ಲಿ ಫೈರ್‌ವಾಲ್ ನಿಯಮ ಇದ್ದರೆ ಯುಡಿಪಿ 10000ರಿಂದ 20000ರವರೆಗಿನ ಪೋರ್ಟುಗಳೂ ತೆರೆದಿರಬೇಕು. ಧ್ವನಿ ಓಡಾಡುವುದು ಅಲ್ಲೇ.