ಬ್ರೌಸರ್ ಹ್ಯಾಂಗ್ ಆಯಿತೆಂದು ಅಳಿಸಿ ಹಾಕುವ ಮುನ್ನ

ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಹುಡುಗ ಕಳೆದ ತಿಂಗಳು ಒಂದೇ ಮಧ್ಯಾಹ್ನ ಕ್ರೋಮ್ ಬ್ರೌಸರನ್ನು ಎರಡು ಸಲ ಅಳಿಸಿ, ಎರಡು ಸಲ ಹೊಸದಾಗಿ ಹಾಕಿದ. ಎರಡು ಸಲವೂ ಭಾವಚಿತ್ರ ಅಪ್‌ಲೋಡ್ ಮಾಡುವ ಪುಟಕ್ಕೆ ಬರುತ್ತಿದ್ದಂತೆ ಚಕ್ರ ಸುತ್ತುತ್ತಾ ನಿಂತುಬಿಟ್ಟಿತು. ಬ್ರೌಸರನ್ನು ತೆಗೆದುಹಾಕುವಾಗ ‘ಬ್ರೌಸಿಂಗ್ ಡೇಟಾವನ್ನೂ ಅಳಿಸು’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ನಮ್ಮ ಪ್ರೊಫೈಲ್, ಅಂದರೆ ಎಕ್ಸ್‌ಟೆನ್ಷನ್‌ಗಳು (ಬ್ರೌಸರಿಗೆ ನಾವು ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು), ಕುಕಿಗಳು (ಲಾಗಿನ್‌ನಂಥದ್ದನ್ನು ನೆನಪಿಡಲು ಜಾಲತಾಣಗಳು ಇಟ್ಟುಹೋಗುವ ಚಿಕ್ಕ ಕಡತಗಳು) ಮತ್ತು ಸೆಟ್ಟಿಂಗ್‌ಗಳು, ಕಂಪ್ಯೂಟರಿನಲ್ಲಿಯೇ ಉಳಿಯುತ್ತವೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತೊಂದರೆ ಪ್ರೊಫೈಲಿನಲ್ಲಿದ್ದರೆ ಅದು ಹೊಸ ಬ್ರೌಸರಿಗೂ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಅಳಿಸುವ ಕೆಲಸ ಕಟ್ಟಕಡೆಗೆ ಬರುತ್ತದೆ.

ಒಂದು: ಯಾವ ಟ್ಯಾಬ್ ಸಿಕ್ಕಿಕೊಂಡಿದೆ ಎಂದು ನೋಡಿ. ವಿಂಡೋಸ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್‌ನಲ್ಲಿಯೂ ಈಚಿನ ಫೈರ್‌ಫಾಕ್ಸ್‌ನಲ್ಲಿಯೂ ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅತಿ ಹೆಚ್ಚು ಮೆಮೊರಿ ಅಥವಾ ಸಿಪಿಯು ತಿನ್ನುತ್ತಿರುವ ಸಾಲನ್ನು ಮಾತ್ರ ಅಲ್ಲಿ ನಿಲ್ಲಿಸಿ. ಅರ್ಧ ತುಂಬಿದ ಅರ್ಜಿ ಬೇರೊಂದು ಟ್ಯಾಬಿನಲ್ಲಿದ್ದರೆ ಅದು ಹಾಗೆಯೇ ಉಳಿಯುತ್ತದೆ.

ಎರಡು: ಅದೇ ಜಾಲತಾಣವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ತೆರೆಯಿರಿ. ಬಹಳ ಜನ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇನ್‌ಕಾಗ್ನಿಟೊದಲ್ಲಿ ಒಂದೇ ಏಟಿಗೆ ಎರಡು ಸಂಗತಿಗಳು ಬದಲಾಗುತ್ತವೆ: ನಾವು ಪ್ರತ್ಯೇಕವಾಗಿ ಅನುಮತಿ ಕೊಡದ ಎಕ್ಸ್‌ಟೆನ್ಷನ್‌ಗಳೆಲ್ಲ ನಿಲ್ಲುತ್ತವೆ, ಹಳೆಯ ಕುಕಿಗಳೂ ಕ್ಯಾಶೆಯೂ (ಪುಟ ಬೇಗ ತೆರೆಯಲೆಂದು ಬ್ರೌಸರ್ ಉಳಿಸಿಟ್ಟುಕೊಂಡ ಪ್ರತಿಗಳು) ಲೆಕ್ಕಕ್ಕೆ ಬರುವುದಿಲ್ಲ. ಪುಟ ಅಲ್ಲಿ ಸರಿಯಾಗಿ ತೆರೆದರೆ ದೋಷ ನಮ್ಮ ಪ್ರೊಫೈಲಿನಲ್ಲಿದೆ ಎಂದಷ್ಟೇ ಗೊತ್ತಾಗುತ್ತದೆ, ಈ ಎರಡರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಮಾಮೂಲಿ ಕಿಟಕಿಗೆ ಮರಳಿ ಮೊದಲು ಎಕ್ಸ್‌ಟೆನ್ಷನ್‌ಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಿ ಪುಟವನ್ನು ಮತ್ತೆ ತೆರೆಯಿರಿ. ತೊಂದರೆ ಹೋದರೆ ಅಪರಾಧಿ ಆಫ್ ಮಾಡಿದ ಅರ್ಧದಲ್ಲಿದೆ, ಹೋಗದಿದ್ದರೆ ಉಳಿದರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಹದಿನಾರು ಎಕ್ಸ್‌ಟೆನ್ಷನ್‌ಗಳಿದ್ದರೂ ನಾಲ್ಕೈದು ಪ್ರಯತ್ನದಲ್ಲಿ ಸಿಕ್ಕಿಬೀಳುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದು ಫೋಟೊದ ಗಾತ್ರವನ್ನು ಐವತ್ತು ಕೆ.ಬಿ.ಗೆ ಇಳಿಸಿಕೊಡುವ ಒಂದು ಪುಕ್ಕಟೆ ಎಕ್ಸ್‌ಟೆನ್ಷನ್. ಅಪ್‌ಲೋಡ್ ಪುಟ ಕಂಡಲ್ಲೆಲ್ಲ ಅದು ನಡುವೆ ಕೈಹಾಕುತ್ತಿತ್ತು.

ಎಲ್ಲವನ್ನೂ ಆಫ್ ಮಾಡಿದರೂ ಮಾಮೂಲಿ ಕಿಟಕಿಯಲ್ಲಿ ತೊಂದರೆ ಹೋಗದಿದ್ದರೆ ಕುಕಿಗಳ ಸರದಿ. ದಯವಿಟ್ಟು ‘ಆಲ್ ಟೈಮ್’ ಎಂದು ಆರಿಸಿ ಎಲ್ಲಕ್ಕೂ ಗುರುತು ಹಾಕಿ ಗುಡಿಸಬೇಡಿ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿ, ಕುಕಿ ಮತ್ತು ಸೈಟ್ ಡೇಟಾ ಎಂಬಲ್ಲಿಗೆ ಹೋಗಿ ಆ ಒಂದು ಜಾಲತಾಣದ್ದನ್ನು ಮಾತ್ರ ಅಳಿಸಿ. ಇದರಿಂದ ಆ ತಾಣದಲ್ಲಿ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೆ. ಎಲ್ಲವನ್ನೂ ಅಳಿಸುವ ಪಟ್ಟಿಯಲ್ಲಿ ಪಾಸ್‌ವರ್ಡ್ ಎಂಬ ಸಾಲು ಇದ್ದು ನೀವು ಅದಕ್ಕೂ ಗುರುತು ಹಾಕಿದರೆ, ಖಾತೆ ಸಿಂಕ್ ಆಗಿರುವ ಮೊಬೈಲಿನಿಂದಲೂ ಅವು ಮಾಯವಾಗುತ್ತವೆ. ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಮಾಡಿಕೊಂಡು ಪಿಂಚಣಿಯ ಖಾತೆಗೆ ಹೋಗಲಾಗದೆ ಒಂದು ವಾರ ಪರದಾಡಿದ್ದನ್ನು ಕಂಡಿದ್ದೇನೆ. ‘ಕ್ಲೀನರ್’, ‘ಬೂಸ್ಟರ್’ ಎಂಬ ಹೆಸರಿನ ತಂತ್ರಾಂಶಗಳೂ ಇದನ್ನೇ ಕಣ್ಣುಮುಚ್ಚಿಕೊಂಡು ಮಾಡುತ್ತವೆ. ಅವನ್ನು ಹಾಕಿಕೊಳ್ಳಲೇಬೇಡಿ.

ಮೂರು: ಇನ್‌ಕಾಗ್ನಿಟೊದಲ್ಲಿಯೂ ಹ್ಯಾಂಗ್ ಆಗುತ್ತಿದ್ದು, ಅದರಲ್ಲಿಯೂ ವಿಡಿಯೊ ಅಥವಾ ನಕಾಶೆ ತೆರೆದಾಗ ಪರದೆ ಬಿಳುಚಿಕೊಳ್ಳುತ್ತಿದ್ದರೆ, ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ (ಚಿತ್ರ, ವಿಡಿಯೊ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಸೌಲಭ್ಯ) ಆಫ್ ಮಾಡಿ ಬ್ರೌಸರನ್ನು ಮತ್ತೆ ಆರಂಭಿಸಿ.

ನಾಲ್ಕು: ಬೇರೊಂದು ಬ್ರೌಸರಿನಲ್ಲಿ ನೋಡಿ. ಅಲ್ಲಿಯೂ ಹಾಗೆಯೇ ಆದರೆ ತಪ್ಪು ನಿಮ್ಮದಾಗಿರದೆ ಜಾಲತಾಣದ್ದೇ ಆಗಿರಬಹುದು. ಹಳೆಯ ಇಲಾಖಾ ತಾಣಗಳು ಕೆಲವು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆಂದೇ ರಚಿತವಾದವು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ಆದರೆ ಎಡ್ಜ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಬ್ರೌಸರ್ ಎಂಬಲ್ಲಿಗೆ ಹೋಗಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್’ಗೆ ಅನುಮತಿ ಕೊಟ್ಟರೆ ಅಂಥ ಪುಟವನ್ನು ಹಳೆಯ ರೀತಿಯಲ್ಲಿ ತೆರೆಯಬಹುದು. ಪಟ್ಟಿಗೆ ಸೇರಿಸಿದ ಪುಟ 30 ದಿನ ಮಾತ್ರ ಅಲ್ಲಿರುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ಫ್ಲ್ಯಾಶ್ (ಪುಟದಲ್ಲಿ ಅನಿಮೇಷನ್, ವಿಡಿಯೊ ತೋರಿಸಲು ಹಿಂದೆ ಬಳಸುತ್ತಿದ್ದ ತಂತ್ರಾಂಶ) ಕೇಳುವ ಪುಟಕ್ಕೆ ಮಾತ್ರ ಮದ್ದಿಲ್ಲ. ಅದಕ್ಕೆ ಅಡೋಬಿ ಕೊಡುತ್ತಿದ್ದ ಬೆಂಬಲ 2020ರ ಕೊನೆಗೇ ನಿಂತಿತು. ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಎಂದು ಈಗ ಯಾವುದೇ ಪುಟ ಹೇಳಿದರೆ ಅದು ವಂಚನೆಯೆಂದೇ ತಿಳಿಯಿರಿ. ಕನ್ನಡದ ಹಳೆಯ ಪುಟವೊಂದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೂ ಬ್ರೌಸರಿನ ತಪ್ಪಲ್ಲ. ಅದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಬಳಕೆಗೆ ಬರುವ ಮೊದಲಿನ ನುಡಿ, ಬರಹದಂಥ ಫಾಂಟ್‌ಗಳಲ್ಲಿ ಬರೆದದ್ದಾಗಿರುತ್ತದೆ. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಓದಿಕೊಳ್ಳಬೇಕು.

ಎಲ್ಲ ತಾಣಗಳೂ ಒಟ್ಟಿಗೆ ‘ಸುರಕ್ಷಿತವಲ್ಲ’ ಎನ್ನತೊಡಗಿದರೆ ಬೇರೇನನ್ನೂ ಮುಟ್ಟದೆ ಕಂಪ್ಯೂಟರಿನ ದಿನಾಂಕ ನೋಡಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ತಾಣಗಳು ಅಸಲಿಯೆಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರದ ಅವಧಿ ಅದಕ್ಕೆ ಹೊಂದುವುದಿಲ್ಲ. ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಕ್ರೋಮ್ 109ನೇ ಆವೃತ್ತಿಯೇ ಕೊನೆಯದು. ಅದರಲ್ಲಿ ಹೊಸ ತಾಣಗಳು ಮುರಿದು ಕಂಡರೆ ಮಾಡುವುದೇನೂ ಇಲ್ಲ.

ಐದು: ಇಷ್ಟಾದರೂ ಸರಿಹೋಗದಿದ್ದರೆ ಬ್ರೌಸರನ್ನು ಅಳಿಸುವ ಬದಲು ಅದರಲ್ಲಿಯೇ ಹೊಸದೊಂದು ಪ್ರೊಫೈಲ್ ತೆರೆದು, ಒಂದೂ ಎಕ್ಸ್‌ಟೆನ್ಷನ್ ಹಾಕದೆ ಎರಡು ದಿನ ಬಳಸಿ ನೋಡಿ. ಅದು ಚೆನ್ನಾಗಿ ನಡೆದರೆ ಬುಕ್‌ಮಾರ್ಕ್‌ಗಳನ್ನೂ ಪಾಸ್‌ವರ್ಡ್‌ಗಳನ್ನೂ ಹಳೆಯದರಿಂದ ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ತಂದುಕೊಳ್ಳಿ, ಪಾಸ್‌ವರ್ಡ್‌ಗಳೆಲ್ಲ ಬಂದಿವೆಯೇ ಎಂದು ಒಂದೊಂದಾಗಿ ನೋಡಿಕೊಂಡ ಮೇಲಷ್ಟೇ ಹಳೆಯ ಪ್ರೊಫೈಲನ್ನು ತೆಗೆಯಿರಿ.