ಒಂದೇ ನದಿಯ ಮೇಲೆ ನೂರು ವಿಡಿಯೋ: ದೂರಸಂವೇದನೆ ಕಲಿತ ನನ್ನ ಅನುಭವ

ವಿಡಿಯೋಗಳನ್ನು ನೋಡಿಯೇ ದೂರಸಂವೇದನೆ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅರಿಯುವ ವಿದ್ಯೆ) ಮತ್ತು ನಕ್ಷಾ ತಯಾರಿಕೆಯನ್ನು ಕಲಿಯುತ್ತೇನೆ ಎಂದಾಗ, ಈ ವಿಷಯದಲ್ಲಿ ಪದವಿ ಪಡೆದು ಅದರಲ್ಲೇ ದುಡಿಯುತ್ತಿರುವ ಗೆಳೆಯರು ಅದನ್ನು ದಡದಲ್ಲಿ ಕುಳಿತು ಈಜು ಕಲಿಯುವುದಕ್ಕೆ ಹೋಲಿಸಿದ್ದರು. ಪ್ರಯೋಗಾಲಯವಿಲ್ಲದೆ, ತಪ್ಪಿದಾಗ ತಿದ್ದುವ ಮೇಷ್ಟ್ರಿಲ್ಲದೆ ಇದು ಗುಂಡಿ ಒತ್ತುವ ವಿದ್ಯೆಯಾಗಿಯೇ ಉಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಪೆರು ದೇಶದ ಉಕಯಾಲಿ ನದಿಯ ಒಂದು ಭಾಗದಲ್ಲಿ 1980ರ ದಶಕದಿಂದ ಇತ್ತೀಚಿನವರೆಗೆ ದಂಡೆಗಳು ಎಲ್ಲಿಂದ ಎಲ್ಲಿಗೆ ಸರಿದಿವೆ ಎಂಬುದರ ನಕ್ಷೆಯನ್ನು ಮುಗಿಸಿ ತೋರಿಸಿದ ಮೇಲೆ, ಅದೇ ಗೆಳೆಯರಲ್ಲಿ ಒಬ್ಬರು ಪ್ರಾಜೆಕ್ಟ್ ಫೈಲನ್ನು ಕೇಳಿ ಪಡೆದಿದ್ದಾರೆ. ಆದ್ದರಿಂದ ನಾನು ಅನುಸರಿಸಿದ ಕ್ರಮವನ್ನು ಬರೆದಿಡುವುದಕ್ಕೆ ನನಗೆ ಈಗ ಸ್ವಲ್ಪ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಆರಂಭದಲ್ಲಿ ಎಲ್ಲರಂತೆ ವಿಡಿಯೋದ ಕೆಳಗೆ ಕೊಟ್ಟಿರುವ ಕೊಂಡಿಯಿಂದ ಅವರದೇ ದತ್ತಾಂಶವನ್ನು ಇಳಿಸಿಕೊಂಡು, ಅವರು ಒತ್ತಿದ್ದನ್ನೇ ಒತ್ತುತ್ತಿದ್ದೆ. ಅವರಿಗೆ ಬಂದ ಬಣ್ಣದ ನಕ್ಷೆಯೇ ನನಗೂ ಬರುತ್ತಿತ್ತು. ಬೇರೆ ಯಾವುದೂ ಬರಲು ಸಾಧ್ಯವೇ ಇರಲಿಲ್ಲ. ಪಾಠಕ್ಕಾಗಿ ಆರಿಸಿದ ದತ್ತಾಂಶದಲ್ಲಿ ಮೋಡವಿರುವುದಿಲ್ಲ, ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪ್ರೊಜೆಕ್ಷನ್ ಮೊದಲೇ ಹೊಂದಿಕೊಂಡಿರುತ್ತದೆ, ವರ್ಗೀಕರಣಕ್ಕೆ, ಅಂದರೆ ಪಿಕ್ಸೆಲ್‌ಗಳನ್ನು ಕಾಡು, ನೀರು ಎಂದು ವಿಂಗಡಿಸುವುದಕ್ಕೆ, ಬೇಕಾದ ಮಾದರಿಗಳ ನಕ್ಷಾ ಕಡತ (ಶೇಪ್‌ಫೈಲ್) ಕೂಡ ಸಿದ್ಧವಾಗಿರುತ್ತದೆ. ಈ ಕೆಲಸದ ನಿಜವಾದ ಕಷ್ಟವೆಲ್ಲ ವಿಡಿಯೋ ಆರಂಭವಾಗುವ ಮೊದಲೇ ಯಾರೋ ಮುಗಿಸಿಟ್ಟಿರುತ್ತಾರೆ. ಹೀಗೆ ಹಲವು ತಿಂಗಳು ಕಳೆದರೂ, ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶದ ಖಾಲಿ ಪರದೆಯ ಮುಂದೆ ಕುಳಿತಾಗ ಮೊದಲ ಹೆಜ್ಜೆ ಯಾವುದೆಂದು ತಿಳಿಯುತ್ತಿರಲಿಲ್ಲ.

ಆಗ ಒಂದು ನಿಯಮ ಹಾಕಿಕೊಂಡೆ. ವಿಡಿಯೋ ಯಾವ ಊರಿನದೇ ಆಗಿರಲಿ, ಯಾವ ವಿಷಯದ್ದೇ ಆಗಿರಲಿ, ಅದರಲ್ಲಿ ಹೇಳಿದ ವಿಧಾನವನ್ನು ನಾನು ಆರಿಸಿಕೊಂಡ ಒಂದೇ ಜಾಗದ ಮೇಲೆ ಮಾಡಬೇಕು. ಅವರ ದತ್ತಾಂಶವನ್ನು ಮುಟ್ಟಬಾರದು. ಉಕಯಾಲಿಯನ್ನು ಆರಿಸಿದ್ದಕ್ಕೆ ಕಾರಣಗಳಿವೆ. ಅಲ್ಲಿನ ಕೆಲವು ತಿರುವುಗಳಲ್ಲಿ ದಂಡೆ ವರ್ಷಕ್ಕೆ ಹತ್ತಾರು ಮೀಟರ್ ಸರಿಯುತ್ತದೆ, ಅಂದರೆ ಒಂದು ಪಿಕ್ಸೆಲ್ 30 ಮೀಟರ್ ಅಗಲದ ನೆಲವನ್ನು ತೋರಿಸುವ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಲ್ಲೂ ಕೆಲವು ವರ್ಷಗಳ ಅಂತರದಲ್ಲಿ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಕಾಡು, ನೀರು, ಮರಳು, ಹೊಸದಾಗಿ ಬೆಳೆದ ಹುಲ್ಲು, ಪುಕಾಲ್ಪದಂತಹ ಊರು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಮೋಡವೂ ಧಾರಾಳವಾಗಿರುವುದರಿಂದ ಸುಲಭದ ದಾರಿ ತಾನಾಗಿಯೇ ಮುಚ್ಚಿಹೋಗುತ್ತದೆ. ಬೆಳೆ ಪ್ರದೇಶದ ವರ್ಗೀಕರಣವನ್ನು ಕುರಿತ ವಿಡಿಯೋವನ್ನು ಕಾಡಿನ ನದಿಗೆ ಒಗ್ಗಿಸಲು ಹೋದಾಗ, ಅದರಲ್ಲಿ ಯಾವ ಹೆಜ್ಜೆ ಬೆಳೆಗೆ ಮಾತ್ರ ಸಲ್ಲುತ್ತದೆ, ಯಾವುದು ಎಲ್ಲ ಕಡೆಗೂ ಸಲ್ಲುತ್ತದೆ ಎಂದು ಯೋಚಿಸದೆ ಮುಂದುವರಿಯಲು ಆಗುವುದಿಲ್ಲ.

ವಿಷಯಗಳ ಅನುಕ್ರಮವನ್ನೂ ತಲೆಕೆಳಗು ಮಾಡಿದೆ. ಸಾಮಾನ್ಯವಾಗಿ ಸಾಫ್ಟ್‌ವೇರ್ ಮೊದಲು, ಚಿತ್ರ ಸಂಸ್ಕರಣೆ ಆಮೇಲೆ, ಪ್ರಾಕೃತಿಕ ಭೂಗೋಳ ಪುರುಸೊತ್ತಿದ್ದರೆ ಎಂಬಂತಿರುತ್ತದೆ. ನಾನು ನದಿಯ ಸವೆತ, ಹೂಳು, ತಿರುವು, ಪ್ರವಾಹ ಬಯಲು ಇವುಗಳ ಉಪನ್ಯಾಸಗಳನ್ನು ಮೊದಲು ಮುಗಿಸಿದೆ. ತಿರುವಿನ ಹೊರಅಂಚು ಕೊರೆಯುತ್ತದೆ, ಒಳಅಂಚಿನಲ್ಲಿ ಮರಳು ನಿಲ್ಲುತ್ತದೆ, ಎರಡು ತಿರುವುಗಳ ನಡುವಿನ ಕತ್ತು ಸಣ್ಣದಾಗುತ್ತ ಒಂದು ಪ್ರವಾಹದಲ್ಲಿ ಕಡಿದುಹೋಗಿ ಹಳೆಯ ಪಾತ್ರವು ಆಕ್ಸ್‌ಬೋ ಸರೋವರವಾಗಿ ಉಳಿಯುತ್ತದೆ ಎಂಬುದು ಪ್ರೌಢಶಾಲೆಯ ಪಾಠವೇ. ಆದರೆ ಅದನ್ನು ಉಪಗ್ರಹ ಚಿತ್ರದಲ್ಲಿ ಹುಡುಕುವ ಉದ್ದೇಶದಿಂದ ಮತ್ತೆ ಕೇಳಿದಾಗ ಒಂದೊಂದು ವಾಕ್ಯವೂ ಪಿಕ್ಸೆಲ್‌ಗಳ ಭವಿಷ್ಯವಾಣಿಯಾಗುತ್ತದೆ. ಫಲಿತಾಂಶ ಪರದೆಗೆ ಬರುವ ಮುನ್ನ ವಿಡಿಯೋ ನಿಲ್ಲಿಸಿ, ನನ್ನ ಜಾಗದಲ್ಲಿ ಯಾವುದು ಬೆಳ್ಳಗೆ ಕಾಣಬೇಕು, ಯಾವುದು ಕಪ್ಪಗೆ ಕಾಣಬೇಕು ಎಂದು ಕಾಗದದ ಮೇಲೆ ಗೀಚಿ, ಆಮೇಲೆ ಲೆಕ್ಕ ಓಡಿಸುತ್ತಿದ್ದೆ. ಗೀಚಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದ ಕಡೆಯಲ್ಲೇ ಕಲಿಕೆ ಇತ್ತು.

ವಿಡಿಯೋಗಳ ವಯಸ್ಸು ಇಲ್ಲಿ ದೊಡ್ಡ ತಲೆನೋವು. ಲ್ಯಾಂಡ್‌ಸ್ಯಾಟ್ 5ರ ಕಾಲದ ಪಾಠದಲ್ಲಿ 4-3-2 (ಕೆಂಪು, ಹಸಿರು, ನೀಲಿಯಾಗಿ ತೋರಿಸುವ ಮೂರು ಬ್ಯಾಂಡುಗಳ, ಅಂದರೆ ಬೆಳಕಿನ ಬೇರೆ ಬೇರೆ ಪಟ್ಟಿಗಳಲ್ಲಿ ತೆಗೆದ ಚಿತ್ರಗಳ, ಸಂಖ್ಯೆ) ಎಂದರೆ ಕಾಡು ಕೆಂಪಾಗಿ ಕಾಣುವ ಕೃತಕ ಬಣ್ಣದ ಚಿತ್ರ; ಅದೇ ಸಂಖ್ಯೆಗಳನ್ನು ಲ್ಯಾಂಡ್‌ಸ್ಯಾಟ್ 8ಕ್ಕೆ ಕೊಟ್ಟರೆ ಸಹಜ ಬಣ್ಣ ಬರುತ್ತದೆ, ಏಕೆಂದರೆ ಎಲೆಗಳು ಹೆಚ್ಚಾಗಿ ಪ್ರತಿಫಲಿಸುವ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕು ಅಲ್ಲಿ ಐದನೆಯ ಬ್ಯಾಂಡ್. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳನ್ನು ಇಳಿಸಿಕೊಳ್ಳಲು ಎಷ್ಟೋ ವಿಡಿಯೋಗಳು ತೋರಿಸುವ ಹಳೆಯ ಕೋಪರ್ನಿಕಸ್ ತಾಣ 2023ರಲ್ಲಿ ಮುಚ್ಚಿತು. ಕ್ಯೂಜಿಐಎಸ್ 2ರಲ್ಲಿದ್ದ ಹಲವು ಪ್ಲಗಿನ್‌ಗಳು 3ರಲ್ಲಿ ಇಲ್ಲ. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳಾದ್ದರಿಂದ ಅಷ್ಟೇನೂ ಅಪಾಯವಿಲ್ಲ.

ಅಪಾಯ ಇರುವುದು ಮೌನವಾಗಿ ತಪ್ಪುವ ಕಡೆ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2 ಎಂಬ ಈಗಿನ ಸಂಗ್ರಹದ ಎರಡನೆಯ ಹಂತದ (ವಾತಾವರಣದ ಪ್ರಭಾವ ತೆಗೆದ) ಚಿತ್ರಗಳಲ್ಲಿ ಪಿಕ್ಸೆಲ್ ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆದರೆ ಮಾತ್ರ ಪ್ರತಿಫಲನದ ಬೆಲೆ ಸಿಗುತ್ತದೆ. ಸಸ್ಯ ಸೂಚ್ಯಂಕವು (ಅವಕೆಂಪು, ಕೆಂಪು ಬ್ಯಾಂಡುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ ಸಂಖ್ಯೆ) ಅನುಪಾತವಾದ್ದರಿಂದ ಈ ಪರಿವರ್ತನೆ ಬೇಕಿಲ್ಲ ಎಂದು ಹಳೆಯ ವಿಡಿಯೋಗಳ ಜಾಡಿನಲ್ಲಿ ಬಂದವರು ಈಗಲೂ ಹೇಳುತ್ತಾರೆ. ಗುಣಕ ಅನುಪಾತದಲ್ಲಿ ಹೊಡೆದುಹೋಗುತ್ತದೆ ನಿಜ, ಕಳೆಯುವ ಸಂಖ್ಯೆ ಹೊಡೆದುಹೋಗುವುದಿಲ್ಲ. ಕೆಂಪು ಬ್ಯಾಂಡಿನಲ್ಲಿ 9,000, ಅವಕೆಂಪಿನಲ್ಲಿ 18,000 ಇರುವ ಪಿಕ್ಸೆಲ್ಲನ್ನು ಹಾಗೆಯೇ ಲೆಕ್ಕಕ್ಕೆ ಹಾಕಿದರೆ ಸೂಚ್ಯಂಕ 0.33 ಬರುತ್ತದೆ, ಕುರುಚಲು ಪ್ರದೇಶವೆಂದು ನಂಬಿಬಿಡಬಹುದು. ಪರಿವರ್ತಿಸಿದರೆ ಅದೇ ಪಿಕ್ಸೆಲ್ಲಿನ ಬೆಲೆಗಳು 0.0475 ಮತ್ತು 0.295 ಆಗಿ ಸೂಚ್ಯಂಕ 0.72ಕ್ಕೆ ಏರುತ್ತದೆ, ಅಂದರೆ ದಟ್ಟ ಹಸಿರು. ನನ್ನ ಚೌಕಟ್ಟಿನಲ್ಲಿ ಕಾಡು ಇರಲೇಬೇಕಾದ ಕಡೆ 0.3 ಕಂಡಾಗ ಸಂಶಯ ಬಂದದ್ದು, ಗೀಚಿಟ್ಟ ಕಾಗದದ ದೆಸೆಯಿಂದ.

ನಿರ್ದೇಶಾಂಕಗಳ ವಿಷಯದಲ್ಲೂ ಇಂತಹುದೇ ಒಂದು ಮರ್ಮವಿದೆ. ದಕ್ಷಿಣಾರ್ಧಗೋಳದಲ್ಲಿ ಕೆಲಸ ಮಾಡದವರಿಗೆ ಇದು ಎದುರಾಗುವುದೇ ಇಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳು ಸಮಭಾಜಕದ ದಕ್ಷಿಣಕ್ಕೂ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ಗಳಲ್ಲಿ ಸ್ಥಾನ ಹೇಳುವ ಪದ್ಧತಿ) ಉತ್ತರ ವಲಯದಲ್ಲೇ ಬರುತ್ತವೆ, ಸೆಂಟಿನೆಲ್-2 ಚಿತ್ರಗಳು ದಕ್ಷಿಣ ವಲಯದಲ್ಲಿ ಬರುತ್ತವೆ. ಪುಕಾಲ್ಪದ ಬಳಿಯ ಒಂದೇ ಬಿಂದುವಿಗೆ ಒಂದರಲ್ಲಿ ಉತ್ತರಮಾನ (ಉತ್ತರ-ದಕ್ಷಿಣ ಸ್ಥಾನ ಹೇಳುವ ಸಂಖ್ಯೆ) ಸುಮಾರು ಋಣ 9,27,000 ಮೀಟರ್ ಇದ್ದರೆ ಇನ್ನೊಂದರಲ್ಲಿ ಸುಮಾರು 90,73,000 ಮೀಟರ್. ವ್ಯತ್ಯಾಸ ಸರಿಯಾಗಿ ಒಂದು ಕೋಟಿ. ಕ್ಯೂಜಿಐಎಸ್ ಪರದೆಯ ಮೇಲೆ ಎರಡನ್ನೂ ಜಾಗಕ್ಕೆ ಸರಿಯಾಗಿ ಕೂರಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ದಂಡೆ ರೇಖೆಗಳ ಬಿಂದುಗಳನ್ನು ಪಟ್ಟಿಯಾಗಿ ಹೊರತೆಗೆದು ದೂರದ ಲೆಕ್ಕ ಮಾಡುವಾಗ ಮಾತ್ರ ನದಿ ಭೂಗೋಳದ ಕಾಲು ಸುತ್ತಿನಷ್ಟು ಸರಿದಿದೆ ಎಂಬ ಉತ್ತರ ಬರುತ್ತದೆ. ಈಗ ಎಲ್ಲವನ್ನೂ ಮೊದಲೇ ಇಪಿಎಸ್‌ಜಿ 32718ಕ್ಕೆ, ಅಂದರೆ ಯುಟಿಎಂ 18ನೆಯ ದಕ್ಷಿಣ ವಲಯಕ್ಕೆ, ತಂದುಕೊಂಡು ಆಮೇಲೆ ಮುಂದಿನ ಮಾತು.

ಹಣದ ಬಗ್ಗೆ ಹೇಳಲೇಬೇಕು. ಹಣ ಕೊಟ್ಟು ಸೇರಿದ ಒಂದು ಆನ್‌ಲೈನ್ ಕೋರ್ಸ್ ನನ್ನ ತಿಂಗಳ ಗಳಿಕೆಯ ಅರ್ಧದಷ್ಟನ್ನು ನುಂಗಿತು. ಅದರಲ್ಲಿ ಇದ್ದ ಪಾಠಗಳ ಮುಕ್ಕಾಲು ಪಾಲು ಉಚಿತ ವಿಡಿಯೋಗಳಲ್ಲಿ ಇದ್ದದ್ದೇ. ಪ್ರಶ್ನೆ ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತಿತ್ತು. ಕೊನೆಗೆ ಕೊಟ್ಟ ಪ್ರಮಾಣಪತ್ರವನ್ನು ಈವರೆಗೆ ಯಾರೂ ಕೇಳಿಲ್ಲ. ಅದೇ ಹಣದಲ್ಲಿ ಇನ್ನಷ್ಟು ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಬಂದಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು. ಚಿತ್ರಗಳಿಗೆ ಈಗ ದುಡ್ಡಿಲ್ಲ. ಲ್ಯಾಂಡ್‌ಸ್ಯಾಟ್ ಸಂಗ್ರಹ 2008ರಲ್ಲಿ ಎಲ್ಲರಿಗೂ ಉಚಿತವಾಯಿತು, ಅದಕ್ಕೆ ಮುಂಚೆ ಒಂದೊಂದು ದೃಶ್ಯಕ್ಕೂ ನೂರಾರು ಡಾಲರ್ ತೆರಬೇಕಾಗಿತ್ತು. ನನ್ನಂತಹವರಿಗೆ ಆಗ ಈ ಮಾರ್ಗವೇ ಇರಲಿಲ್ಲ. ಖರ್ಚಾಗುವುದು ಇಂಟರ್‌ನೆಟ್‌ಗೆ ಮತ್ತು ಡಿಸ್ಕಿಗೆ. ಸೆಂಟಿನೆಲ್-2ರ ಒಂದು ಟೈಲ್ (ಒಂದು ಚೌಕದ ಚಿತ್ರ) ಹೆಚ್ಚುಕಡಿಮೆ ಒಂದು ಜಿಬಿ, ಎಲ್ಲ ಬ್ಯಾಂಡುಗಳನ್ನೂ ಇಳಿಸುತ್ತ ಹೋದರೆ ಡಿಸ್ಕ್ ತುಂಬುವುದು ನೋಡುನೋಡುತ್ತಲೇ ಆಗುತ್ತದೆ. ನನಗೆ ಬೇಕಾಗಿದ್ದುದು ಹಸಿರು, ಅಲ್ಪತರಂಗ ಅವಕೆಂಪು (ಸಮೀಪದ ಅವಕೆಂಪಿಗಿಂತ ಉದ್ದ ತರಂಗದ ಬೆಳಕು) ಮತ್ತು ಮೋಡ ಗುರುತಿಸುವ ಬ್ಯಾಂಡ್ ಮಾತ್ರ. ಬೇಕಾದ ತುಂಡನ್ನಷ್ಟೇ ದೂರದಿಂದ ಓದಲು ಬಿಡುವ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ ರೂಪದಲ್ಲಿ ಸಿಗುವ ಕಡತಗಳಿಂದ ಜಿಡಾಲ್ ಎಂಬ ಉಚಿತ ತಂತ್ರಾಂಶ ಬಳಸಿ ನನ್ನ ಚೌಕಟ್ಟಿನಷ್ಟನ್ನು ಮಾತ್ರ ಓದಿಕೊಳ್ಳುವುದನ್ನು ಕಲಿತ ಮೇಲೆ ಡೌನ್‌ಲೋಡ್ ಹತ್ತನೆಯ ಒಂದು ಪಾಲಿಗಿಂತ ಕೆಳಗಿಳಿಯಿತು. ಉಪಗ್ರಹ ಚಿತ್ರಗಳ ಲೆಕ್ಕವನ್ನು ತನ್ನದೇ ಯಂತ್ರಗಳಲ್ಲಿ ಮಾಡಿಕೊಡುವ ಗೂಗಲ್ ಅರ್ಥ್ ಎಂಜಿನ್ ಇದ್ದೂ ಈ ಪಾಡೇಕೆ ಎಂದು ಕೇಳುವವರಿದ್ದಾರೆ. ಕಲಿಕೆಗೆ ಅದು ಉಚಿತ, ಹಣಕ್ಕಾಗಿ ಮಾಡುವ ಕೆಲಸಕ್ಕೆ ಪರವಾನಗಿ ಬೇಕು. ಮುಂದೆ ಕೂಲಿಗೆ ಮಾಡುವ ಆಸೆಯಿದ್ದುದರಿಂದ ಮೊದಲಿನಿಂದಲೂ ಸ್ವಂತ ಯಂತ್ರದ ಮೇಲೆಯೇ ಪಳಗಿದೆ.

ಮಧ್ಯದಲ್ಲಿ ದಾರಿ ಬಿಟ್ಟು ಎಸ್‌ಆರ್‌ಟಿಎಂ ಎಂಬ, ನೆಲದ ಎತ್ತರದ ದತ್ತಾಂಶದ ಹಿಂದೆ ಹೋದದ್ದೂ ಉಂಟು. ನದಿಗೆ ಅಡ್ಡವಾಗಿ ಒಂದು ಛೇದ ಎಳೆದು ನೋಡಿದಾಗ, ಚಪ್ಪಟೆಯಾಗಿರಬೇಕಾದ ಪ್ರವಾಹ ಬಯಲಿನಲ್ಲಿ ಮರದೆತ್ತರದ ಮೆಟ್ಟಿಲುಗಳು ಕಂಡವು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ 11 ದಿನಗಳಲ್ಲಿ ಮಾಡಿದ ಆ ಅಳತೆಯ ರೇಡಾರ್ ತರಂಗ ಸುಮಾರು 5.6 ಸೆಂಟಿಮೀಟರಿನದು, ಅದು ದಟ್ಟ ಕಾಡಿನ ನೆಲವನ್ನು ಮುಟ್ಟದೆ ಮರಗಳ ಮೇಲ್ಭಾಗದಿಂದಲೇ ಬಹುಪಾಲು ಹಿಂದಿರುಗುತ್ತದೆ. ನೆಲದ ಏರಿಳಿತವೆಂದು ತೋರುತ್ತಿದ್ದದ್ದು ಎಳೆಯ ಕಾಡಿಗೂ ಹಳೆಯ ಕಾಡಿಗೂ ಇರುವ ಎತ್ತರದ ಅಂತರ. ಹರಿವಿನ ದಿಕ್ಕು ಕಂಡುಹಿಡಿಯುವ ವಿಡಿಯೋಗಳನ್ನು ಇಂತಹ ಜಾಗದ ಮೇಲೆ ಪ್ರಯೋಗಿಸಿದರೆ ನೀರು ಕಾಡಿನ ಅಂಚಿಗೆ ಹೆದರಿ ಸುತ್ತಿಕೊಂಡು ಹರಿಯುತ್ತದೆ. ಆ ಕೆಲಸವನ್ನು ಅಲ್ಲಿಗೇ ಕೈಬಿಟ್ಟೆ. ಮಳೆಗಾಲದ ಮೋಡವನ್ನು ದಾಟಲು ಸೆಂಟಿನೆಲ್-1ರ ರೇಡಾರ್ ಚಿತ್ರಗಳನ್ನೂ ತೆಗೆದುಕೊಂಡಿದ್ದೆ. ನಿಂತ ನೀರು ಅದರಲ್ಲಿ ಕಪ್ಪಗೆ ಸೊಗಸಾಗಿ ಕಾಣುತ್ತದೆ, ಗಾಳಿಗೆ ನೀರಿನ ಮೇಲ್ಮೈ ಕದಡಿದ ದಿನ ದಂಡೆ ಎಲ್ಲಿದೆಯೆಂದು ಹೇಳುವುದು ಕಷ್ಟ. ಅದನ್ನು ಬಿಟ್ಟಿಲ್ಲ, ಬೇರೆಯಾಗಿ ಬೆಳೆಸುತ್ತಿದ್ದೇನೆ.

ಮುಖ್ಯ ಕೆಲಸದಲ್ಲಿ ಬಹಳ ಕಾಡಿದ್ದು ನೀರು ಮತ್ತು ನೆಲವನ್ನು ಬೇರ್ಪಡಿಸುವ ಹೆಜ್ಜೆ. ಹಸಿರು ಮತ್ತು ಸಮೀಪದ ಅವಕೆಂಪು ಬ್ಯಾಂಡುಗಳ ಸೂಚ್ಯಂಕ ತಿಳಿನೀರಿಗೆ ಚೆನ್ನಾಗಿ ಒಗ್ಗುತ್ತದೆ. ಹೂಳು ತುಂಬಿದ ನದಿಯಲ್ಲಿ ಸಮೀಪದ ಅವಕೆಂಪಿನ ಪ್ರತಿಫಲನ ಏರುವುದರಿಂದ ನೀರು ಒದ್ದೆ ಮರಳಿನ ವೇಷ ಹಾಕುತ್ತದೆ. ಅದರ ಬದಲು ಅಲ್ಪತರಂಗ ಅವಕೆಂಪನ್ನು ಹಾಕಿದರೆ ಕೆಸರು ನೀರೂ ಅದನ್ನು ಹೀರಿಕೊಳ್ಳುವುದರಿಂದ ಗಡಿ ಮತ್ತೆ ಸ್ಪಷ್ಟವಾಗುತ್ತದೆ. ಇನ್ನು ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ 2003ರ ಮೇ ತಿಂಗಳ ನಂತರ, ಸ್ಕ್ಯಾನರಿನ ಒಂದು ಭಾಗ ಕೆಟ್ಟದ್ದರಿಂದ, ಪ್ರತಿ ದೃಶ್ಯದ ಸುಮಾರು 22 ಪ್ರತಿಶತ ಪಟ್ಟೆ ಪಟ್ಟೆಯಾಗಿ ಖಾಲಿಯಾಗಿರುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಅದನ್ನು ತುಂಬಿಸುವುದನ್ನು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ನೋಡಲು ಚೆಂದವಾಗಿ ತುಂಬುತ್ತದೆ. ದಂಡೆ ಅಳೆಯುವವನಿಗೆ ಅದು ಇಲ್ಲದ ದಂಡೆಯನ್ನು ಸೃಷ್ಟಿಸಿಕೊಡುತ್ತದೆ. ನಾನು ದೃಶ್ಯದ ನಡುವಿನ, ಪಟ್ಟೆಗಳಿಲ್ಲದ ಭಾಗವನ್ನಷ್ಟೇ ಬಳಸಿ, ಉಳಿದ ವರ್ಷಗಳಿಗೆ ಲ್ಯಾಂಡ್‌ಸ್ಯಾಟ್ 5ನ್ನೇ ನೆಚ್ಚಿಕೊಂಡೆ.

ನೀರಿನ ಮಟ್ಟ ಬೇರೆ ಬೇರೆಯಾಗಿರುವ ಎರಡು ದಿನಗಳನ್ನು ಹೋಲಿಸಿದರೆ ದಂಡೆ ಸರಿಯದೆಯೂ ಸರಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ವರ್ಷವೂ ಆಗಸ್ಟ್, ಸೆಪ್ಟೆಂಬರ್ ಸುಮಾರಿನ ಇಳಿನೀರಿನ ಚಿತ್ರಗಳನ್ನೇ ತೆಗೆದುಕೊಂಡೆ. ಆ ತಿಂಗಳಲ್ಲಿ ಮೋಡದ ಕಾರಣ ಒಂದೂ ಸಿಗದ ವರ್ಷಗಳಲ್ಲಿ, ಬೇರೆ ತಿಂಗಳಿನ ಚಿತ್ರವನ್ನು ಇಳಿನೀರಿನ ಮಟ್ಟಕ್ಕೆ ಸರಿದೂಗಿಸಲು ಮರಳ ದಿಬ್ಬಗಳನ್ನೇ ಅಳತೆಗೋಲಾಗಿ ಬಳಸುವ ಒಂದು ಉಪಾಯ ಹೊಳೆಯಿತು. ಅದರ ವಿವರವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಯಾವ ವಿಡಿಯೋದಲ್ಲೂ ಅದನ್ನು ಕಂಡಿಲ್ಲ, ಪ್ರಾಜೆಕ್ಟ್ ಫೈಲ್ ಪಡೆದ ಗೆಳೆಯರಿಗೂ ಆ ಸ್ಕ್ರಿಪ್ಟ್ ಕೊಟ್ಟಿಲ್ಲ.

ಯಾದೃಚ್ಛಿಕವಾಗಿ ಹರಡಿದ ಬಿಂದುಗಳನ್ನು ಒಂದೊಂದಾಗಿ ಕಣ್ಣಿನಿಂದ ಪರಿಶೀಲಿಸಿದಾಗ ನೀರು-ನೆಲ ವಿಂಗಡಣೆ ನೂರಕ್ಕೆ ತೊಂಬತ್ತೈದರ ಆಸುಪಾಸಿನಲ್ಲಿ ಸರಿ ಬಂದಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳ ಸ್ಥಾನದೋಷ ಸಾಮಾನ್ಯವಾಗಿ ಅರ್ಧ ಪಿಕ್ಸೆಲ್ಲಿನ ಒಳಗೇ ಇರುತ್ತದೆ, ನಾನು ಹೋಲಿಸಿದ ಚಿತ್ರಗಳ ನಡುವೆ ಕನಿಷ್ಠ ಐದು ವರ್ಷಗಳ ಅಂತರವಿತ್ತು. ಆದ್ದರಿಂದ ಕಂಡ ಸರಿತ ನಿಜವಾದ ಸರಿತವೇ ಎಂದು ವಾದಿಸಲು ತೊಂದರೆಯಾಗಲಿಲ್ಲ. ಆದರೂ ಗೆಳೆಯರೊಬ್ಬರು ಕೊನೆಯ ಪ್ರಶ್ನೆ ಉಳಿಸಿಕೊಂಡಿದ್ದರು: 1980ರ ದಶಕದ ದಂಡೆ ನಾನು ಎಳೆದ ಕಡೆಯೇ ಇತ್ತು ಎಂಬುದಕ್ಕೆ ಚಿತ್ರವನ್ನು ಬಿಟ್ಟು ಬೇರೆ ಸಾಕ್ಷಿ ಏನಿದೆ? ಉತ್ತರ ಸಿಕ್ಕಿದ್ದು ಮೊದಲು ನೋಡಿದ ಭೂಗೋಳದ ಉಪನ್ಯಾಸಗಳಿಂದ. ನದಿ ಹೊರಕ್ಕೆ ಸರಿಯುತ್ತ ಹೋದಂತೆ ತಿರುವಿನ ಒಳಭಾಗದಲ್ಲಿ ಬಾಗಿದ ಮರಳಿನ ಏಣುಗಳನ್ನು ಒಂದರ ಪಕ್ಕ ಒಂದು ಬಿಟ್ಟುಹೋಗುತ್ತದೆ, ಅವುಗಳ ಮೇಲೆ ಗಿಡಮರ ಸಾಲುಸಾಲಾಗಿ ಬೆಳೆಯುತ್ತದೆ. ಇತ್ತೀಚಿನ 10 ಮೀಟರ್ ಸೆಂಟಿನೆಲ್ ಚಿತ್ರದಲ್ಲಿ ಆ ಸಾಲುಗಳನ್ನು ಬೇರೆಯಾಗಿ ಡಿಜಿಟೈಸ್ ಮಾಡಿ, ಅವುಗಳ ಮೇಲೆ ಹಳೆಯ ಒಳದಂಡೆಯ ರೇಖೆಗಳನ್ನು ಇಟ್ಟು ತೋರಿಸಿದೆ. ಹೆಚ್ಚಿನ ತಿರುವುಗಳಲ್ಲಿ ಎರಡೂ ಒಂದೇ ಬಾಗನ್ನು ಹಿಡಿದಿದ್ದವು, ಅಂತರ ಒಂದೆರಡು ಪಿಕ್ಸೆಲ್ಲಿನ ಒಳಗಿತ್ತು. ಹೊಂದಿಕೆಯಾಗದ ಎರಡು ತಿರುವುಗಳಲ್ಲಿ ಹಳೆಯ ಕತ್ತು ಕಡಿದು ನದಿ ಬೇರೆ ದಾರಿ ಹಿಡಿದಿತ್ತು. ಅವನ್ನು ಸರಿತದ ಲೆಕ್ಕದಿಂದ ತೆಗೆದು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿದ್ದೇನೆ.